ಬುಧವಾರದ ಕಂಪಾಸ್ ಪೆಟ್ಟಿಗೆ

ಬಸ್ಸು ರಿಪೇರಿ ಮಾಡುವ ಡಿಪೋದಲ್ಲಿ ಸಾಮಾನು ಕೋಣೆಯ ಉಸ್ತುವಾರಿ ನನ್ನದು. ಹತ್ತೊಂಬತ್ತು ವರ್ಷದಲ್ಲಿ ಒಂದು ಸ್ಪ್ಯಾನರ್ ಕೂಡ ಕಳೆದಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ. ಗೋಡೆಗೆ ದೊಡ್ಡದೊಂದು ಹಲಗೆ, ಅದರ ಮೇಲೆ ಪ್ರತಿ ಸಾಮಾನಿನ ಆಕಾರವನ್ನೂ ಕೆಂಪು ಬಣ್ಣದಲ್ಲಿ ಬರೆದಿದ್ದೇನೆ. ಸುತ್ತಿಗೆ ಒಯ್ಯುವ ಮೆಕ್ಯಾನಿಕ್ ಅದು ತೂಗಿದ್ದ ಮೊಳೆಗೆ ತನ್ನ ಹೆಸರಿನ ತಗಡಿನ ಬಿಲ್ಲೆ ನೇತುಹಾಕಬೇಕು. ಸಂಜೆ ಸುತ್ತಿಗೆ ಬರಬೇಕು, ಬಿಲ್ಲೆ ಹೋಗಬೇಕು. ಹಲಗೆ ತುಂಬುವ ತನಕ ಯಾರನ್ನೂ ಮನೆಗೆ ಬಿಡುವುದಿಲ್ಲ, ಅವನ ಹೆಂಡತಿಗೆ ಹೆರಿಗೆ ನೋವು ಬಂದಿದ್ದರೂ ಸರಿ. ಬೆನ್ನ ಹಿಂದೆ ನನ್ನನ್ನು ಬಿಲ್ಲೆರಾಯ ಅನ್ನುತ್ತಾರೆ. ಅನ್ನಲಿ.

ಇಂಥವನನ್ನು ಹೆಂಡತಿ ಬಿಟ್ಟಳು ಎಂದಾಗ ಡಿಪೋದಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಎರಡು ವರ್ಷದ ಹಿಂದಿನ ಮಾತು. ಜಗಳವಾಡಿ ಸಾಕಾಗಿ, ಕೊನೆಗೆ ಜಗಳವಾಡುವುದಕ್ಕೂ ಬೇಸರವಾಗಿ ಬೇರೆಯಾದೆವು. ಮಗಳು ಅವಳ ಜೊತೆ ಉಳಿದಳು. ಹುಟ್ಟಿದ ದಿನದಿಂದ ಕುಯ್ಯೋ ಎನ್ನುತ್ತಿದ್ದವಳು ಎಂದು ನಾವು ಅವಳನ್ನು ಪಿಟೀಲು ಎಂದೇ ಕರೆಯುವುದು. ಪಿಟೀಲು ಶನಿವಾರ ಬಂದು ಭಾನುವಾರ ಬೆಳಿಗ್ಗೆ ಹೋಗುತ್ತಾಳೆ. ಆಮೇಲೆ ಮುಂದಿನ ಶನಿವಾರದವರೆಗೆ ನನ್ನ ಮನೆಯಲ್ಲಿ ಸದ್ದು ಮಾಡುವುದು ಫ್ರಿಜ್ಜು ಒಂದೇ.

ಹೋದ ವರ್ಷ ಬುಧವಾರವೂ ಬರಲಿ ಎಂದು ಕೇಳಿ ಒಪ್ಪಿಸಿದ್ದೆ. ನಾಲ್ಕು ವಾರ ಬಂದಳು. ಒಂದು ಗುರುವಾರ ಕಂಪಾಸ್ ಪೆಟ್ಟಿಗೆ ಅಮ್ಮನ ಮನೆಯಲ್ಲೇ ಉಳಿದುಹೋಗಿ ತರಗತಿಯಲ್ಲಿ ನಿಂತುಕೊಂಡಿದ್ದಳಂತೆ. ಅಲ್ಲಿಗೆ ನಿಂತಿತು. ಈ ವರ್ಷ ಏಳನೇ ತರಗತಿ. ಶಾಲೆ ಶುರುವಾಗುವ ಮುಂಚೆ ಮತ್ತೆ ಕೇಳಿದೆ.

"ಸಾಮಾನು ಮರ್ತು ಹೋಗತ್ತೆ ಅಪ್ಪ," ಎಂದಳು.

ಸಾಮಾನಿನ ಸಮಸ್ಯೆ ಎಂದರೆ ಅದು ನನ್ನ ಸಮಸ್ಯೆ. "ಒಂದೇ ಒಂದು ಬುಧವಾರ ಬಾ. ಏನಾದ್ರೂ ಮರ್ತ್ರೆ ಇನ್ನು ನಾನು ಕೇಳಲ್ಲ. ಮರೀದೆ ಇದ್ರೆ ಪ್ರತಿ ಬುಧವಾರ ಬರ್ಬೇಕು. ಆಯ್ತಾ?"

ಸ್ವಲ್ಪ ಹೊತ್ತು ಉಗುರು ಕಚ್ಚಿ, "ಹೂಂ" ಎಂದಳು. ನನಗೆ ಅಷ್ಟು ಸಾಕಿತ್ತು.

ಶಾಲೆ ಕೊಟ್ಟ ಪಟ್ಟಿ ಹಿಡಿದು ಪೇಟೆಯ ಪುಸ್ತಕದಂಗಡಿಗೆ ಹೋದೆ. ಅಮ್ಮನ ಮನೆಯಲ್ಲಿ ಏನೇನಿದೆಯೋ ಅದೆಲ್ಲ ನನ್ನ ಮನೆಯಲ್ಲೂ ಇರಬೇಕು ಎನ್ನುವುದು ಲೆಕ್ಕ. ಆರು ಕೈವಾರಗಳನ್ನು ಕಾಗದದ ಮೇಲೆ ತಿರುಗಿಸಿ ನೋಡಿದೆ. ಐದರ ಕೀಲು ಸಡಿಲ. ಕೋನಮಾಪಕದ ಗೆರೆ ಉಗುರಿನಿಂದ ಕೆರೆದರೆ ಅಳಿಸುತ್ತದೆಯೇ ಎಂದು ಕೆರೆದೆ. ಪೆನ್ಸಿಲ್ ಮೆಂಡರಿನ ಬ್ಲೇಡು ಬೆಳಕಿಗೆ ಹಿಡಿದೆ. ಗ್ರಾಫ್ ಪುಸ್ತಕದ ಹೊಲಿಗೆ ಎಳೆದೆ. ಅಂಗಡಿಯಾಕೆ ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡುತ್ತಿದ್ದಳು.

"ಇಷ್ಟು ಪರೀಕ್ಷೆ ಸ್ಕೂಲಲ್ಲಿ ಮಕ್ಕಳಿಗೂ ಮಾಡಲ್ಲ ಸಾರ್," ಎಂದಳು. "ಇದೇ ಪಟ್ಟಿಯ ಸಾಮಾನು ಹೋದ ವಾರ ನಿಮ್ಮನೆಯವರು ತಗೊಂಡು ಹೋಗಿದ್ರಲ್ಲ. ಮಕ್ಕಳು ಇಬ್ರಾ?"

"ಮಗು ಒಂದೇ. ಮನೆ ಎರಡು," ಎಂದೆ. ಪಾಪ, ಅವಳು ಕನ್ನಡಕ ಮೇಲೇರಿಸಿ ಬೇಗ ಬೇಗ ಸಾಮಾನು ಕಟ್ಟಿದಳು. ಕೇಳದಿದ್ದರೂ ಒಂದು ಪೊಟ್ಟಣ ಲೇಬಲ್ ಸೇರಿಸಿ ಕೊಟ್ಟಳು.

ನಡುಮನೆಯ ಗೋಡೆಗೆ ಹಲಗೆ ಹೊಡೆದೆ. ಸ್ಕೇಲು, ಕತ್ತರಿ, ಗಮ್ಮು, ಕಂಪಾಸ್ ಪೆಟ್ಟಿಗೆ, ಬಣ್ಣದ ಪೆನ್ಸಿಲ್, ಎಲ್ಲದರ ಸುತ್ತ ಕೆಂಪು ಗೆರೆ ಎಳೆದೆ. ನೋಟ್‌ಬುಕ್ಕುಗಳಿಗೆ ಬೈಂಡ್ ಹಾಕಿ ವಿಷಯವಾರು ನಿಲ್ಲಿಸಲು ಒಂದು ಮರದ ಪಟ್ಟಿ ಹೊಡೆದೆ. ಮನೆಯ ಹಳೇ ಎಣ್ಣೆ ಡಬ್ಬಿಯ ತಗಡಿನಲ್ಲಿ ಹನ್ನೆರಡು ಬಿಲ್ಲೆ ಕತ್ತರಿಸಿ, ಅಂಚು ಉಜ್ಜಿ, ಮೇಲೆ 'ಪಿಟೀಲು' ಎಂದು ಅಚ್ಚೊತ್ತಿದೆ. ಎಷ್ಟೋ ದಿನದ ಮೇಲೆ ಮನೆಯಲ್ಲಿ ಶಿಳ್ಳೆ ಹಾಕುತ್ತಿದ್ದೇನೆ ಎಂದು ಅರ್ಧ ಕೆಲಸವಾದ ಮೇಲೆ ಗೊತ್ತಾಗಿ ನಾಚಿಕೆಯಾಯಿತು.

ಬುಧವಾರ ಶಾಲೆ ಮುಗಿಸಿ ಬಂದವಳು ಹಲಗೆಯ ಮುಂದೆ ನಿಂತುಬಿಟ್ಟಳು. ನಾನು ನಿಯಮ ಹೇಳಿದೆ. ತೆಗೆದರೆ ಬಿಲ್ಲೆ ಹಾಕಬೇಕು, ಮುಗಿದ ಕೂಡಲೇ ವಾಪಸ್ ಇಡಬೇಕು, ಮಲಗುವ ಮುಂಚೆ ಹಲಗೆ ತುಂಬಿರಬೇಕು. ಅವಳು ಒಂದು ಮಾತೂ ಎದುರಾಡಲಿಲ್ಲ. ಸ್ಕೇಲು ತೆಗೆದಳು, ಬಿಲ್ಲೆ ಹಾಕಿದಳು. ರಬ್ಬರಿಗೂ ಎದ್ದು ಬಂದು ಬಿಲ್ಲೆ ಹಾಕಿದಳು. ನನ್ನ ಮೆಕ್ಯಾನಿಕ್ಕುಗಳು ಈ ಹುಡುಗಿಯ ಕಾಲು ತೊಳೆದು ನೀರು ಕುಡಿಯಬೇಕು ಅನ್ನಿಸಿತು. ನಾಳೆ ಗಣಿತದ ಕಿರುಪರೀಕ್ಷೆ ಎಂದು ತ್ರಿಕೋನ ಬರೆಯುತ್ತ ಕೂತಳು. ನಾನು ಎದುರಿಗೆ ಸುಮ್ಮನೆ ಕೂತಿದ್ದೆ. ಮನೆಯಲ್ಲಿ ಇನ್ನೊಬ್ಬರು ಉಸಿರಾಡುವ ಸದ್ದು ಎಷ್ಟು ಚೆಂದ ಎಂದು ಆವತ್ತು ಗೊತ್ತಾಯಿತು.

ಗುರುವಾರ ಬೆಳಿಗ್ಗೆ ಅವಳನ್ನು ಶಾಲೆಯ ಬಸ್ಸಿಗೆ ಹತ್ತಿಸಿ ಬಂದೆ. ಅವತ್ತು ನನ್ನದು ಮಧ್ಯಾಹ್ನದ ಪಾಳಿ. ಬಾಗಿಲು ತೆರೆದರೆ ಎದುರಿಗೇ ಹಲಗೆ. ಪೂರ್ತಿ ತುಂಬಿತ್ತು. ಒಂದು ಬಿಲ್ಲೆಯೂ ಇಲ್ಲ, ಒಂದು ಜಾಗವೂ ಖಾಲಿ ಇಲ್ಲ. ಹತ್ತೊಂಬತ್ತು ವರ್ಷದ ಅಭ್ಯಾಸ, ಮೊದಲು ಖುಷಿಯೇ ಆಯಿತು. ಚಹಾಕ್ಕೆ ನೀರಿಟ್ಟೆ. ನೀರು ಕುದಿಯುವಾಗ ಮತ್ತೆ ಹಲಗೆಯ ಕಡೆ ನೋಡಿದೆ. ಕಂಪಾಸ್ ಪೆಟ್ಟಿಗೆ ಗೋಡೆಯ ಮೇಲಿದೆ. ಪರೀಕ್ಷೆ ಇವತ್ತು.

ತಪ್ಪು ಅವಳದಲ್ಲ. ವಾಪಸ್ ಇಡುವುದನ್ನು ಅಕ್ಷರ ಬಿಡದೆ ಕಲಿಸಿದ್ದೆ, ಹೊರಡುವಾಗ ತೆಗೆದುಕೊಂಡು ಹೋಗು ಎಂದು ಹೇಳಿರಲೇ ಇಲ್ಲ. ಹೇಳಬೇಕೆಂದು ತೋಚಿದ್ದರೆ ತಾನೆ? ನನ್ನ ಕೋಣೆಯ ಸಾಮಾನು ಯಾವತ್ತೂ ಡಿಪೋದ ಗೇಟು ದಾಟುವುದಿಲ್ಲ. ಬಿಲ್ಲೆರಾಯನ ತಲೆಗೆ ಅದಕ್ಕಿಂತ ಆಚೆ ಏನೂ ಹೊಳೆಯುವುದಿಲ್ಲ. ನನ್ನ ಬುಧವಾರಗಳನ್ನು ನಾನೇ ಕೈಯಾರೆ ಹಾಳು ಮಾಡಿಕೊಂಡೆ ಎಂದು ಬೈದುಕೊಳ್ಳುತ್ತ, ಒಲೆ ಆರಿಸಿ, ಪೆಟ್ಟಿಗೆ ಹಿಡಿದು ಬಿದ್ದಂಬೀಳ ಓಡಿದೆ.

ಶಾಲೆಯ ಕಾವಲುಗಾರ ನನ್ನನ್ನು ಬೆಂಚಿನ ಮೇಲೆ ಕೂರಿಸಿದ. ಬಿಡುವಿನ ಗಂಟೆ ಹೊಡೆದ ಮೇಲೆ ಪಿಟೀಲು ಬಂದಳು, ಬೆನ್ನಿಗೆ ಬ್ಯಾಗು ಹಾಗೇ ಇತ್ತು.

"ಇನ್ನೂ ಪರೀಕ್ಷೆ ಆಗಿಲ್ಲ ತಾನೆ?" ಪೆಟ್ಟಿಗೆ ಚಾಚಿದೆ. "ಇದು ನಿನ್ ತಪ್ಪಲ್ಲ ಕಣೇ. ನಾನು ಹೇಳ್ಲೇ ಇಲ್ಲ. ಇದನ್ನ ಮರೆತಿದ್ದು ಅಂತ ಲೆಕ್ಕ ಹಿಡೀಬಾರ್ದು."

ಅವಳು ಪೆಟ್ಟಿಗೆ ತೆಗೆದುಕೊಳ್ಳಲಿಲ್ಲ. ಬ್ಯಾಗಿನ ಒಳಗಿನ ಜಿಪ್ಪು ಎಳೆದು ಒಂದು ಬಟ್ಟೆಯ ಚೀಲ ತೋರಿಸಿದಳು. ಅರ್ಧಕ್ಕೆ ಮುರಿದ ಪೆನ್ಸಿಲ್ಲುಗಳು, ಗಿಡ್ಡ ಸ್ಕೇಲು, ಹಳೆಯ ಕೈವಾರ, ಕೋನಮಾಪಕ, ಹೆಬ್ಬೆರಳಿನಷ್ಟು ಚಿಕ್ಕ ಗಮ್ಮಿನ ಡಬ್ಬಿ, ಎಲ್ಲ ಇದ್ದವು.

"ಹೋದ ವರ್ಷ ಕ್ಲಾಸಲ್ಲಿ ನನ್ನ ನಿಲ್ಸಿದ್ರಲ್ಲ, ಆವತ್ತಿಂದ ಇದು ನನ್ ಬ್ಯಾಗಲ್ಲೇ ಇರತ್ತೆ. ಯಾವ ಮನೇಲೂ ಇಡಲ್ಲ."

"ಮತ್ತೆ ನಿನ್ನೆ ಬಿಲ್ಲೆ ಹಾಕಿದ್ದು?"

"ನೀನು ಅಷ್ಟು ಚೆಂದ ಮಾಡಿದ್ದೆ. ಅದಕ್ಕೇ."

ಹನ್ನೆರಡು ವರ್ಷದ ಹುಡುಗಿ ನನ್ನ ಖುಷಿಗಾಗಿ ಇಡೀ ಸಂಜೆ ಎದ್ದು ಕೂತು ಮಾಡಿದ್ದಳು. ಮುಖ ಎಲ್ಲಿ ಇಡಬೇಕೋ ತಿಳಿಯಲಿಲ್ಲ. "ಸಾಮಾನು ಮರ್ತೇ ಹೋಗಲ್ಲ ಅಂದ್ಮೇಲೆ ಬುಧವಾರ ಬೇಡ ಅಂತ ಯಾಕಂದೆ?" ಎಂದು ಕೇಳಿದೆ.

ಅವಳು ಕಾವಲುಗಾರನ ಕಡೆ ನೋಡಿ ದನಿ ತಗ್ಗಿಸಿದಳು. "ಬುಧವಾರ ಅಮ್ಮಂಗೆ ರಜ. ಶನಿವಾರ ಆದ್ರೆ ಆಸ್ಪತ್ರೇಲಿ ಡ್ಯೂಟಿ ಇರತ್ತೆ, ಅಲ್ಲೇ ಕ್ಯಾಂಟೀನಲ್ಲಿ ತಿಂತಾಳೆ. ನಾನಿಲ್ದಿದ್ರೆ ಬುಧವಾರ ಅಡುಗೇನೇ ಮಾಡಲ್ಲ ಅಪ್ಪ. ಹೋದ ವರ್ಷ ಗುರುವಾರ ಹೋಗಿ ನೋಡಿದ್ರೆ ಒಂದು ತಟ್ಟೆನೂ ತೊಳೆಯೋಕೆ ಇರ್ತಿರ್ಲಿಲ್ಲ. ಕೇಳಿದ್ರೆ ಊಟ ಆಯ್ತು ಅಂತಾಳೆ. ನಿಂಗೆ ಹಾಗೆ ಹೇಳಿದ್ರೆ ನೀವಿಬ್ರೂ ಮತ್ತೆ ಜಗಳ ಆಡ್ತೀರ ಅಂತ ಹೇಳ್ಲಿಲ್ಲ."

ನನ್ನ ತಟ್ಟೆಯನ್ನು ಯಾರೂ ನೋಡಲಿಲ್ಲವಲ್ಲ ಅನ್ನಿಸಿತು. ನಿಜ ಹೇಳುತ್ತೇನೆ, ಮಗಳ ಎದುರು ನಿಂತು ಹೆಂಡತಿಯ ಮೇಲೆ ಹೊಟ್ಟೆಕಿಚ್ಚುಪಟ್ಟೆ. ಬುಧವಾರ ನಾನು ತಿನ್ನುವುದು ಒಲೆಯ ಪಕ್ಕ ನಿಂತು, ಪಾತ್ರೆಯಿಂದಲೇ. ಅದನ್ನು ಹೇಳಿಬಿಟ್ಟರೆ ಈ ಹುಡುಗಿ ಅದನ್ನೂ ಹೊತ್ತುಕೊಳ್ಳುತ್ತಾಳೆ. ಆ ಬ್ಯಾಗಿನಲ್ಲಿ ಇನ್ನು ಜಾಗವಿರಲಿಲ್ಲ.

"ನೀನು ಊಟ ಮಾಡ್ತೀಯ ಅಲ್ವಾ?" ಎಂದು ಅವಳೇ ಕೇಳಿದಳು.

"ನಂಗೇನು ಧಾಡಿ? ಎರಡೆರಡು ಸಲ ಬಡಿಸ್ಕೊಂಡು ತಿಂತೀನಿ. ಬುಧವಾರ ಡಿಪೋದವರು ಯಾರಾದ್ರೂ ಬಂದೇ ಬರ್ತಾರೆ, ಹರಟೆ ಹೊಡೀತಾ ಕೂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ನೀನು ಶನಿವಾರ ಬಾ, ಸಾಕು."

"ಬೇಜಾರಿಲ್ವಾ?"

"ಇಲ್ಲ."

ನನ್ನ ಮಾತನ್ನು ಅವಳು ಯಾವತ್ತೂ ಒಂದೇ ಸಲಕ್ಕೆ ನಂಬಿದವಳಲ್ಲ. ಇವತ್ತು ನಂಬಿದಳು. ಮುಖ ಎಷ್ಟು ಹಗುರಾಯಿತೆಂದರೆ, ಬ್ಯಾಗು ಕುಣಿಸುತ್ತ ತರಗತಿಯ ಕಡೆ ಓಡಿದವಳು ಒಮ್ಮೆಯೂ ತಿರುಗಿ ನೋಡಲಿಲ್ಲ.