ಇಜ್ಜಿ ಅಂದರೆ

ಬೀಡಿ ಎಲೆ ಇನ್ನೂ ನೆನೆದದ್ದು ಸಾಲದು, ಕತ್ತರಿ ಇಟ್ಟರೆ ಅಂಚು ಒಡೆಯುತ್ತದೆ, ರಾಜೀವಿ ಗೋಣಿಯ ಮೇಲೆ ಇನ್ನೊಂದು ಹಿಡಿ ನೀರು ಚಿಮುಕಿಸಿದಳು, ಚಿಮುಕಿಸುವ ಕೈಯನ್ನೇ ನೋಡಿದಳು — ಈ ಕೈ ಏನೂ ಮಾಡಲಿಲ್ಲ, ಮಾಡಿದ್ದು ನಾಲಗೆ. ಬೆಳಿಗ್ಗೆ ಬೀಡಿ ಕಂಟ್ರಾಕ್ಟರ್ ಶೀನಪ್ಪ ಜಗಲಿಗೆ ಬಂದು ಹೇಳಿಹೋದದ್ದು ಕಿವಿಯಲ್ಲೇ ಇದೆ, ಲೇಬರ್ ಇನ್ಸ್‌ಪೆಕ್ಟರು ಇವತ್ತು ಪುನಃ ಮೂಡುಬಿದಿರೆಗೆ ಬರ್ತಾರಂತೆ, ಮಾತಾಡ್ಲಿಕ್ಕೆ ನೀನುಂಟಲ್ಲ, ನಮಗೇನು ಹೆದರಿಕೆ. ಹೋದ ವರ್ಷವೂ ಇದೇ ಜಗಲಿ, ಇದೇ ಗೆರಸೆಗಳು, ಮೈಸೂರು ಕಡೆಯ ಆ ಇನ್ಸ್‌ಪೆಕ್ಟರಿಗೆ ತುಳು ಬಾರದು, ಸೇಸಮ್ಮನಿಗೆ ಕನ್ನಡ ಬಾರದು, ನಡುವೆ ಐದನೇ ಕ್ಲಾಸು ಓದಿದ ಇವಳು. ಸಾವಿರ ಬೀಡಿಗೆ ಸರ್ಕಾರ ಗೊತ್ತು ಮಾಡಿದ ಕೂಲಿ ಸಿಗುತ್ತಾ ಕೇಳಮ್ಮ, ಇವಳು ತುಳುವಿನಲ್ಲಿ ಕೇಳಿದಳು, ಸೇಸಮ್ಮ ಗೆರಸೆಯಿಂದ ತಲೆ ಎತ್ತದೆ ಇಜ್ಜಿ ಎಂದಳು, ಒಂದೇ ಮಾತು. ಇಜ್ಜಿ ಅಂದ್ರೇನಮ್ಮ? ಕಂಬಕ್ಕೆ ಒರಗಿದ್ದ ಶೀನಪ್ಪ ಕೆಮ್ಮಿದ — ಕೇಸು ಬಿದ್ರೆ ಎಲೆಯ ಮೂಟೆಯೆಲ್ಲ ಮುಂಡಾಜೆಯ ಹೆಂಗಸರಿಗೆ ಹೋಗ್ತದೆ, ನಿಮಗೆ ಕೆಲಸ ಇಲ್ಲ ನೋಡು ಎಂದು ಹಿಂದಿನ ದಿನವೇ ಹೇಳಿದ್ದ. ಉಂಟು ಅಂತ ಸಾರ್, ಸರಿಯಾಗಿ ಸಿಗ್ತದಂತೆ. ಎಷ್ಟು ಸಲೀಸಾಗಿ ಬಂತು ಸುಳ್ಳು, ಬರೀ ಹೆದರಿಕೆಯಾಗಿದ್ದರೆ ಸಮಾಧಾನವಿರುತ್ತಿತ್ತು, ಒಳ್ಳೆಯ ಕನ್ನಡ ಮಾತಾಡ್ತೀಯಮ್ಮ ಎಂದು ಅವರು ಅಂದಾಗ ಖುಷಿಯಾಗಿತ್ತಲ್ಲ, ಚುಚ್ಚುವುದು ಅದು. ಅವರು ಬರೆದುಕೊಂಡರು, ಸೇಸಮ್ಮ ಹೆಬ್ಬೆಟ್ಟು ಒತ್ತಿದಳು, ಬೆರಳಿನ ನೀಲಿ ಮಸಿಯನ್ನು ಬೀಡಿ ಎಲೆಗೇ ಒರೆಸಿ, ಎಲೆ ಯಾಕೆ ಹಾಳು ಮಾಡುವುದು ಎಂದು ಅದನ್ನೂ ಸುರುಟಿ ಬೀಡಿಯ ಕಟ್ಟಿಗೆ ಸೇರಿಸಿದಳು.

ಅಂದಿನಿಂದ ಸೇಸಮ್ಮ ಕೇಳುತ್ತಾಳೆ, ನಿನ್ನ ಸಾರ್ ಬರ್ಕೊಂಡು ಹೋದ್ರಲ್ಲ ಮಗಾ, ಕೂಲಿ ಯಾವಾಗ ಏರ್ತದಂತೆ, ಆ ಕಾಗದ ಮಂಗಳೂರಿಂದ ನಡ್ಕೊಂಡು ಬರ್ತಾ ಉಂಟಾ, ಅರ್ಧ ದಾರಿಗಾದ್ರೂ ಮುಟ್ಟಿತಾ — ಜಗಲಿಯೆಲ್ಲ ನಗುತ್ತದೆ, ಇವಳೂ ನಗುತ್ತಾಳೆ, ಒಂದು ವರ್ಷದಿಂದ ನಗುತ್ತಿದ್ದಾಳೆ, ಆ ಕಾಗದದಲ್ಲಿ ಏನಿದೆಯೆಂದು ಸೇಸಮ್ಮನಿಗೆ ಗೊತ್ತಿಲ್ಲ, ಬೆರಳು ಮಾತ್ರ ಅವಳದು. ಏನು ಮಗಾ, ಕತ್ತರಿ ನಿಂತಿತಲ್ಲ? ಏನಿಲ್ಲ ಸೇಸಕ್ಕ, ಎಲೆ ಹದ ಆಗ್ಲಿ ಅಂತ. ಇವತ್ತು ಇಜ್ಜಿ ಅಂದರೆ ಇಲ್ಲ ಎಂದೇ ಹೇಳುವುದು, ಎಲೆ ಮುಂಡಾಜೆಗೆ ಹೋದರೆ ಹೋಗಲಿ, ಹೋದ ವರ್ಷದ ಉಂಟು ಸೇಸಮ್ಮನದಲ್ಲ, ನನ್ನದು ಎಂದೂ ಹೇಳುವುದು — ತುಟಿ ಅಲುಗಲಿಲ್ಲ, ಪಕ್ಕದವಳಿಗೂ ತಿಳಿಯಲಿಲ್ಲ. ಒಂದು ಎಲೆ ಎತ್ತಿ ತೊಡೆಯ ಮೇಲೆ ಬಿಡಿಸಿದಳು, ಹದವಾಗಿತ್ತು, ಮೇಲೆ ಏನೂ ಇರಲಿಲ್ಲ, ತಿರುಗಿಸಿದಳು, ಅಲ್ಲಿಯೂ ಇರಲಿಲ್ಲ, ಆದರೂ ಕತ್ತರಿ ಇಡಲು ಹೋದಲ್ಲೆಲ್ಲ ಆ ನೀಲಿ ಹೆಬ್ಬೆಟ್ಟು.