ಉಸ್ತಾದ್ ಮುಫ್ಲಿಹ್ ಕುಡಿದ ಕಾಫಿ

"ಬಟ್ಟಲು ಕೈಗೆ ಕೊಟ್ರೆ ಏನು ಮಾಡ್ತೀರಪ್ಪಾ?"

"ನೆಲದ ಮೇಲೆ ಇಡ್ತೀನಿ."

"ಯಾವಾಗ ಕುಡೀತೀರಿ?"

"ಕೊಟ್ಟೆ ಅಂತ ಹಾಜಿ ಸತ್ತಾಮ್ ಬಾಯಿಬಿಟ್ಟು ಹೇಳಿದ ಮೇಲೆ." ಉಸ್ತಾದ್ ಮುಫ್ಲಿಹ್ ಮಗಳ ಕಡೆ ತಿರುಗಿ ಹುಬ್ಬು ಗಂಟಿಕ್ಕಿದರು. "ಏನೇ, ನನಗೇ ಪಾಠ ಹೇಳ್ತೀಯಾ? ನಿನಗೆ ವಕಾಲತ್ತು ಕಲಿಸಿದೋನು ನಾನು. ನೀನು ಹುಟ್ಟೋಕೆ ಮುಂಚೆಯಿಂದ ಸಂಧಾನಕ್ಕೆ ಹೋಗ್ತಿರೋನು."

ಕಾರು ಓಡಿಸುತ್ತಿದ್ದ ನುಹಾ ನಕ್ಕಳು. ಹೋದ ವಾರ ಅಪ್ಪ ಶುಕ್ರವಾರದ ರಜೆಯ ದಿನ ಕರಿ ಗೌನು ತೊಟ್ಟುಕೊಂಡು ಬಾಗಿಲು ಹಾಕಿದ ಕೋರ್ಟಿನ ಮುಂದೆ ನಿಂತಿದ್ದರು. ಮಸೀದಿಯಿಂದ ಬರುತ್ತಿದ್ದವರು ಮುದುಕರ ತಮಾಷೆ ಎಂದುಕೊಂಡು ಸಲಾಮು ಹೇಳಿ ಹೋದರು. ಅದು ತಮಾಷೆಯಲ್ಲ ಎಂದು ಅವಳಿಗೊಬ್ಬಳಿಗೇ ಗೊತ್ತಿತ್ತು. ಮನೆಯಲ್ಲಿ ಕಾಫಿ ಕುಡಿದು ಬಟ್ಟಲು ಇಡುವಷ್ಟರಲ್ಲಿ "ಇವತ್ತು ಕಾಫಿ ಇಲ್ವೇನೇ?" ಎನ್ನುತ್ತಿದ್ದರು.

ಆದರೂ ಕರೆದುಕೊಂಡು ಹೊರಟಿದ್ದಳು.

ಏಳು ವರ್ಷದ ಹಿಂದೆ, ಹೊಲಕ್ಕೆ ನೀರು ತಿರುಗಿಸುವ ಜಗಳದಲ್ಲಿ ಹಾಜಿ ಸತ್ತಾಮನ ಮಗನನ್ನು ಒಬ್ಬ ಗುಂಡಿಕ್ಕಿ ಕೊಂದ. ಕೊಂದವನನ್ನು ಆ ಸಂಜೆಯೇ ಪೊಲೀಸರು ಹಿಡಿದರು. ಮಾರನೆಯ ದಿನ ಅವನ ಅಣ್ಣತಮ್ಮಂದಿರು, ದಾಯಾದಿಗಳು, ಅವರ ಹೆಂಡಿರು ಮಕ್ಕಳು, ಹಸಿ ಬಾಣಂತಿಯೊಬ್ಬಳು, ಎಲ್ಲರನ್ನೂ ಊರಿನಿಂದ ಎಬ್ಬಿಸಿದರು. ರಕ್ತ ಬಿದ್ದ ಊರಿನಲ್ಲಿ ಕೊಂದವನ ಕುಲ ಇರಕೂಡದು, ಕಟ್ಟಳೆ. ಕಟ್ಟಳೆಯನ್ನು ನಡೆಸಿಕೊಡಲು ಅಧಿಕಾರಿಗಳೇ ಲಾರಿ ಕಳಿಸಿದರು. ಕೊಂದವನಿಗೆ ಜೈಲಿನಲ್ಲಿ ಸೂರು, ಹೊತ್ತುಹೊತ್ತಿಗೆ ಊಟ. ಕೊಲ್ಲದವರಿಗೆ ದೂರದ ಉತ್ತರದ ಮಫ್ರಕ್ ಪಟ್ಟಣದ ಮರಳುಗಾಳಿಯಲ್ಲಿ ಒಂದೊಂದು ಬಾಡಿಗೆ ಕೋಣೆ. ಇದಕ್ಕೆ ಅಧಿಕಾರಿಗಳು ಶಾಂತಿಪಾಲನೆ ಎಂದು ಹೆಸರಿಟ್ಟಿದ್ದರು.

ಕೊಂದವನ ಚಿಕ್ಕಪ್ಪ ತೀರಿಹೋಗಿ ಆ ಚಿಕ್ಕಪ್ಪನ ಹೆಂಡತಿ ಫಿದ್ದಾ ಒಬ್ಬಳೇ ಇದ್ದಳು. ಸತ್ತ ಹುಡುಗ ಅವಳ ಅಂಗಳದಲ್ಲೇ ಆಡಿ ಬೆಳೆದವನು. ಅವನಿಗಾಗಿ ಹೆತ್ತವಳಷ್ಟೇ ಅತ್ತಿದ್ದಳು. ಅಳು ಮುಗಿಯುವ ಮೊದಲೇ ಅವಳನ್ನು ಲಾರಿ ಹತ್ತಿಸಿದರು.

ಅವಳ ಪರವಾಗಿ ಮುಫ್ಲಿಹ್ ಕೋರ್ಟಿನಲ್ಲಿ ಗುಡುಗಿದ್ದರು: "ಬಂದೂಕು ಒತ್ತಿದ್ದು ಒಂದು ಬೆರಳು. ಆರಿದ್ದು ಊರ ತುಂಬ ಒಲೆಗಳು. ಇದ್ಯಾವ ನ್ಯಾಯ?" ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ಹೇಳಿದ್ದರು: "ಉಸ್ತಾದ್, ಕಾನೂನು ನಿಮ್ಮ ಕಡೆ ಇದೆ. ಊರು ಇಲ್ಲ."

ಹೀಗಾಗಿ, ಇಡೀ ಆಯುಸ್ಸು ಕಟ್ಟಳೆಯ ಜೊತೆ ಗುದ್ದಾಡಿದ ಮನುಷ್ಯ ಕೊನೆಗೆ ಕಟ್ಟಳೆಯದೇ ಬಾಗಿಲು ತಟ್ಟಬೇಕಾಯಿತು. ಎಬ್ಬಿಸಿದವರನ್ನು ಮರಳಿ ಬಿಡಿ ಎಂದು ಕೇಳಲು ಊರಿನ ಹಿರಿಯರು ಕೂಡಿ ಸತ್ತಾಮನ ಮನೆಗೆ ಹೋಗುವುದು. ಮುಂದಾಳಿನ ಕೈಗೆ ಕಾಫಿ ಬರುತ್ತದೆ. ಅವನು ಕುಡಿಯದೆ ಕೆಳಗಿಟ್ಟು ಬೇಡಿಕೆ ಹೇಳುತ್ತಾನೆ. ಕೊಟ್ಟೆ ಎಂದ ಮೇಲೆಯೇ ಕುಡಿಯುತ್ತಾನೆ. ಮೊದಲೇ ಕುಡಿದುಬಿಟ್ಟರೆ ಬೇಡಿಕೆ ಅಲ್ಲಿಗೇ ಮುಗಿಯಿತು.

ಸತ್ತಾಮ್ ಮೊದಲೇ ಹೇಳಿ ಕಳಿಸಿದ್ದ: "ಮುಫ್ಲಿಹ್ ಬಂದು ಕೇಳಿದ್ರೆ ಇಲ್ಲ ಅನ್ನೋಕೆ ನನಗೆ ಬಾಯಿಲ್ಲ. ಬೇರೆಯವರು ಬರೋದೇ ಬೇಡ." ಎಷ್ಟೋ ವರ್ಷದ ಹಿಂದೆ ಕರಾಮೆಯ ಯುದ್ಧದಲ್ಲಿ ಸತ್ತಾಮನ ಅಣ್ಣ ಹೊಟ್ಟೆಗೆ ಗುಂಡು ತಿಂದು ಬಿದ್ದಾಗ, ತಮ್ಮ ಮೊಣಕಾಲಿನಲ್ಲಿ ಸಿಡಿಗುಂಡಿನ ಚೂರು ಹೊತ್ತುಕೊಂಡೇ ಅವನನ್ನು ಬೆನ್ನ ಮೇಲೆ ಹೊತ್ತು ತಂದವರು ಮುಫ್ಲಿಹ್. ಆ ಅಣ್ಣ ಉಳಿಯಲಿಲ್ಲ. ಆದರೆ ಹೆಣ ಮನೆಗೆ ಬಂತು.

"ಅಪ್ಪನಿಗೆ ಈಗ ಮರೆವು," ಎಂದು ನುಹಾ ಊರಿನ ಹಿರಿಯರಲ್ಲೊಬ್ಬನಾದ ಬರ್ಜಸ್ ಹತ್ತಿರ ಹೇಳಿ ನೋಡಿದ್ದಳು.

"ಯಾರಿಗಿಲ್ಲಮ್ಮಾ ಮರೆವು? ನಾನು ಬೆಳಿಗ್ಗೆ ಹಲ್ಲಿನ ಸೆಟ್ಟು ಎಲ್ಲಿಟ್ಟೆ ಅಂತ ಮಧ್ಯಾಹ್ನದವರೆಗೂ ಹುಡುಕ್ತೀನಿ. ಒಂದು ಮಾತು ತಾನೇ? ಆಡ್ತಾರೆ ಬಿಡು."

ಸತ್ತಾಮನ ಮನೆಯ ಮುಂದೆ ಹಾಕಿದ್ದ ಡೇರೆಯೊಳಗೆ ಹೆಂಗಸಿಗೆ ಜಾಗವಿಲ್ಲ, ಆಕೆ ವಕೀಲೆಯಾದರೇನು. ನುಹಾ ಕಾರಿನಲ್ಲೇ ಕುಳಿತಳು. ಅಪ್ಪ ರುಮಾಲು ಸರಿಮಾಡಿಕೊಂಡು, ಕಾಲೆಳೆದುಕೊಂಡು, ಇನ್ನೂರು ಗಂಡಸರ ಮುಂದೆ ಮುಂದೆ ನಡೆದು ಒಳಹೋದರು. ಮೈಕಿನ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಬರ್ಜಸ್ ದೇವರನ್ನು ನೆನೆದ, ಸತ್ತವನಿಗೆ ಸದ್ಗತಿ ಕೋರಿದ. "ಇನ್ನು ಉಸ್ತಾದರು ಮಾತಾಡ್ತಾರೆ," ಎಂದ.

ಬಟ್ಟಲಿಗೆ ಕಾಫಿ ಬಗ್ಗಿಸಿದ ಸದ್ದು ಮೈಕಿನಲ್ಲಿ ಕೇಳಿಸಿತು.

ಹೇಳಿ ಅಪ್ಪಾ, ಎಂದಳು ನುಹಾ ಮನಸ್ಸಿನಲ್ಲಿ. ಆ ಒಂದು ಮಾತು ಹೇಳಿಬಿಡಿ.

ಕೇಳಿಸಿದ್ದು ಅಪ್ಪನ ದನಿಯೇ, ಹಗುರವಾಗಿ, ಮನೆಯ ಜಗಲಿಯಲ್ಲಿ ಕುಳಿತವರ ಹಾಗೆ: "ಏಲಕ್ಕಿ ಚೆನ್ನಾಗಿ ಬಿದ್ದಿದೆ ಕಣಯ್ಯಾ. ಇನ್ನೊಂಚೂರು ಹಾಕು."

ಯಾರೋ ಕೆಮ್ಮಿದರು. ಆಮೇಲೆ ಸತ್ತಾಮನ ತಮ್ಮ ಕೂಗಿದ: "ಕುಡಿದಾಯ್ತು! ಎಲ್ಲರೂ ನೋಡಿದ್ದೀರಿ! ಕುಡಿದಾಯ್ತು!"

"ಅಯ್ಯಾ, ವಯಸ್ಸಾದವರು..." ಎಂದು ಬರ್ಜಸ್ ಶುರುಮಾಡಿದ.

"ವಯಸ್ಸಾದ್ರೆ ಮನೇಲಿರಬೇಕು! ನಮ್ಮ ಹುಡುಗನಿಗೆ ವಯಸ್ಸಾಗೋಕೆ ಬಿಟ್ರಾ?"

ಸತ್ತಾಮ್ ಮಾತಾಡಿದಾಗ ಅವನ ದನಿ ಬಾವಿಯೊಳಗಿನಿಂದ ಬಂದ ಹಾಗಿತ್ತು. "ಒಳ್ಳೇದಾಗಲಿ ಉಸ್ತಾದ್. ನಮ್ಮ ಕಾಫಿ ಕುಡಿದಿರಿ. ನೀವು ಅತಿಥಿಗಳು. ಅತಿಥಿಗೆ ಊಟ ಇದೆ. ಬೇಡಿಕೆ... ಬೇಡಿಕೆ ಏನೂ ಬರಲಿಲ್ಲ."

ಇನ್ನೂರು ಗಂಡಸರು. ಇನ್ನೊಂದು ಬಟ್ಟಲು ತನ್ನಿ, ಮೊದಲಿಂದ ಶುರುಮಾಡೋಣ ಎನ್ನಲು ಒಬ್ಬನಿಗೂ ನಾಲಗೆ ಏಳಲಿಲ್ಲ. ಹೆಂಗಸರನ್ನು ಲಾರಿ ಹತ್ತಿಸಲು ಎದ್ದ ತೋಳುಗಳು ಒಂದು ಬಟ್ಟಲು ಎತ್ತಲಾರದೆ ಮಡಿಲಲ್ಲಿ ಬಿದ್ದಿದ್ದವು.

ಊರಿನ ಗಡಿಯಾಚೆ ಹೆದ್ದಾರಿಯ ಪೆಟ್ರೋಲ್ ಬಂಕಿನ ನೆರಳಿನಲ್ಲಿ ಫಿದ್ದಾ ಕಾಯುತ್ತಿದ್ದಳು. ಕಾಲ ಬಳಿ ಬಟ್ಟೆಯ ಗಂಟು, ತೊಡೆಯ ಮೇಲೆ ಕಾಫಿಯ ಫ್ಲಾಸ್ಕು. ತನ್ನ ಹೊಸ್ತಿಲ ಮೇಲೆ ಕುಳಿತು ಮೊದಲ ಗುಟುಕು ಕುಡಿಯುತ್ತೇನೆಂದು ಮಫ್ರಕಿನಲ್ಲೇ ಕಾಸಿ ತಂದಿದ್ದಳು. ಹಿಂದಿನ ದಿನ ಫೋನಿನಲ್ಲಿ ನುಹಾಳಿಗೆ ಹಾಗೆಂದು ನಕ್ಕಿದ್ದಳು.

ನುಹಾ ಕಾರಿನಿಂದ ಇಳಿದು "ಫಿದ್ದತ್ತೇ..." ಎಂದಳು.

ಫಿದ್ದಾ ಅವಳ ಮುಖ ನೋಡಿದಳು. ಗಂಟಿನ ಮೇಲೆ ಕೈಯಿಟ್ಟು, ತೆಗೆದಳು. "ಸತ್ತಾಮ್ ಇಲ್ಲ ಅಂದ್ನಾ?"

"ಇಲ್ಲ ಅನ್ನಲಿಲ್ಲ ಅತ್ತೆ. ಅಪ್ಪ ಕೇಳೋಕೆ ಮೊದಲೇ... ಕುಡಿದುಬಿಟ್ರು. ನನ್ನದೇ ತಪ್ಪು. ನನಗೆ ಗೊತ್ತಿತ್ತು."

ಅಷ್ಟರಲ್ಲಿ ಮುಫ್ಲಿಹ್ ಕಾಲೆಳೆಯುತ್ತ ಬಂದು ಬೆಂಚಿನ ಮೇಲೆ ಕುಳಿತರು. ಫಿದ್ದಾ ಅವರನ್ನು ದಿಟ್ಟಿಸಿದಳು. ಅವಳ ಕಣ್ಣಿನಲ್ಲಿ ಏನೋ ಹೊತ್ತಿಕೊಂಡು, ಆರಿತು. ಮನೆಯಿಲ್ಲದಿದ್ದರೇನು, ಎದುರಿಗೆ ಬಂದು ಕುಳಿತವರಿಗೆ ಕೊಡದೆ ಇರುವುದು ಹೇಗೆ? ಫ್ಲಾಸ್ಕು ತೆರೆದು, ಗಂಟಿನಿಂದ ಬಟ್ಟಲು ತೆಗೆದು, ತುಂಬಿ, ಕೈಗಿತ್ತಳು.

ಮುಫ್ಲಿಹ್ ಬಟ್ಟಲು ತೆಗೆದುಕೊಂಡರು. ಬಗ್ಗಿ ನೆಲದ ಮೇಲೆ ಇಟ್ಟರು. ಬೆನ್ನು ನೆಟ್ಟಗಾಯಿತು. ದನಿಯಲ್ಲಿ ಹಳೆಯ ಗುಡುಗು.

"ಹಾಜಿ ಸತ್ತಾಮ್! ನಿಮ್ಮ ಮನೆಗೆ ಒಂದು ಬೇಡಿಕೆ ಹೊತ್ತು ಬಂದಿದೀವಿ. ಸಿಗೋವರೆಗೂ ಈ ಕಾಫಿ ಮುಟ್ಟೋದಿಲ್ಲ. ಕೊಂದವನು ಕಂಬಿ ಹಿಂದೆ ಇದಾನೆ. ಕೊಲ್ಲದವರನ್ನ ಅವರ ಮನೆಗೆ ಬಿಡಿ. ನಿಮ್ಮ ಅಣ್ಣನ ಭಾರ ಇನ್ನೂ ಈ ಬೆನ್ನ ಮೇಲಿದೆ. ಅದರ ಮೇಲೆ ಕೇಳ್ತಿದೀನಿ."

ನುಹಾ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡಳು. ಬಂಕಿನಲ್ಲಿ ಎಣ್ಣೆ ಹಾಕಿಸುತ್ತಿದ್ದವರು ತಿರುಗಿ ನೋಡಿದರು.

ಫಿದ್ದಾ ಊರಿನ ಕಡೆಗೆ ನೋಡಿದಳು. ಆ ದಿಣ್ಣೆಯ ಹಿಂದೆ ಅವಳ ಮನೆ. ಇಲ್ಲಿಗೆ ಕಾಣುವುದಿಲ್ಲ.

"ಕಾಫಿ ಕುಡಿಯಣ್ಣಾ," ಎಂದಳು. "ಕೇಳಿದ್ದು ಕೊಟ್ಟೆ."

ಮುಫ್ಲಿಹ್ ಎತ್ತಿ ಕುಡಿದರು. ಸಾಕೆನ್ನಲು ಬಟ್ಟಲನ್ನು ಕುಲುಕಿ ಹಿಂದಕ್ಕೆ ಕೊಟ್ಟರು. ಮುಖ ಮದುವೆಮನೆಯ ಹಾಗೆ ಅರಳಿತ್ತು.

"ಹಾಗಾದ್ರೆ ಈಗಲೇ ಯಾರನ್ನಾದ್ರೂ ಫಿದ್ದಾ ಹತ್ತಿರ ಕಳಿಸಿ," ಎಂದರು. "ಬೇಗ ಕಳಿಸಿ. ಪಾಪ, ಎಲ್ಲೋ ರಸ್ತೇಲಿ ಕೂತು ಕಾಯ್ತಿರ್ತಾಳೆ."

"ಕಳಿಸ್ತೀನಣ್ಣಾ."

ಅವಳು ಬಟ್ಟಲನ್ನು ತಲೆವಸ್ತ್ರದ ತುದಿಯಿಂದ ಒರೆಸಿ ಗಂಟಿಗೆ ಸೇರಿಸಿದಳು. ಕಾರಿನಲ್ಲಿ ಬಿಟ್ಟು ಬರುತ್ತೇನೆ ಎಂದು ನುಹಾ ಕೈ ಹಿಡಿದಳು. ಫಿದ್ದಾ ಮೆಲ್ಲಗೆ ಬಿಡಿಸಿಕೊಂಡಳು. ಗಂಟನ್ನು ತಲೆಯ ಮೇಲೆ ಹೊತ್ತು ಹೆದ್ದಾರಿ ದಾಟಿ, ಉತ್ತರಕ್ಕೆ ಹೋಗುವ ಬಸ್ಸಿಗೆ ಕೈ ಅಡ್ಡ ಹಿಡಿದು ನಿಂತಳು.