ಬಂಗುಡೆಯ ಚಾಪೆಯ ಪುಸ್ತಕಗಳು

ನನಗೆ ಮರೆವು ಎನ್ನುವವರು ಸ್ವಲ್ಪ ಬಾಯಿ ಮುಚ್ಚಿ ಕೇಳಿ. ನಾವುಂದದಲ್ಲಿ ಒಣಮೀನು ಮಾರುತ್ತಿದ್ದ ಗುಲಾಬಿಯನ್ನು ಚಟ್ಟಕ್ಕೆ ಕಟ್ಟುವಾಗ ಹಗ್ಗದ ಒಂದು ತುದಿ ನನ್ನ ಕೈಯಲ್ಲೇ ಇತ್ತು. ಇನ್ನೊಂದು ತುದಿ ಅವಳ ಮಗ ಭೋಜನ ಕೈಯಲ್ಲಿ.

"ಹ್ವಾಯ್, ಒಂಚೂರ್ ನಿಲ್ಲಿ," ಎಂದಳು ಜಲಜ. ಸಂತೆಯಲ್ಲಿ ಗುಲಾಬಿಯ ಪಕ್ಕದಲ್ಲೇ ಬುಟ್ಟಿ ಇಡುತ್ತಿದ್ದವಳು. "ನಿನ್ನಪ್ಪ ಹೋದಾಗ ಎದಿ ಮೇಲ್ ಬೀಡಿಕಟ್ಟ್ ಇಟ್ಟದ್ ಅಲ್ದಾ? ನಿನ್ನಬ್ಬಿಗೆ ಅವ್ಳ್ ಪುಸ್ತಕ ಒಂದ್ ಇಡ್ಕ್. ತಕಂಡ್ ಬಾ ಮಗಾ."

ಭೋಜನ ಕೈಯ ಗಂಟು ಸಡಿಲವಾಯಿತು. "ಈಗ ಎಂತಕ್ಕೆ ಚಿಕ್ಕಿ? ಹೊತ್ತಾಯ್ತ್."

"ತಾ ಅಂದ್ರೆ ತಾ!"

* * *

ಮೀನು ಕಟ್ಟಲು ಕಾಗದ ಬೇಕೆಂದು ಗುಲಾಬಿ ಗುಜರಿ ಸೂರನಿಂದ ಹಳೆ ಪುಸ್ತಕ ತರುತ್ತಿದ್ದಳು. ಅಕ್ಷರ ಬಾರದು. ಆದರೆ ಚಿತ್ರ ಇದ್ದದ್ದನ್ನು ಹರಿಯಲು ಮನಸ್ಸು ಬರುತ್ತಿರಲಿಲ್ಲ. ಬಂಗುಡೆ ಒಣಗುವ ಚಾಪೆಯಲ್ಲೇ ಅವಕ್ಕೂ ಬಿಸಿಲು. ಮನೆಯಿಡೀ ಪುಸ್ತಕ, ಪುಸ್ತಕವಿಡೀ ಮೀನಿನ ವಾಸನೆ.

ಅವಳು ಆಸ್ಪತ್ರೆಯಲ್ಲಿದ್ದಾಗ ಭೋಜನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ಭೋಜ ಅಷ್ಟೂ ಪುಸ್ತಕ ಸೂರನ ಗಾಡಿಗೆ ಹಾಕಿದ. ಸೂರ ಊರಿನ ಅಂಗಡಿಗಳಿಗೆ ಕಟ್ಟುವ ಕಾಗದ ಮಾರುವವನು.

ಸಂಜೆ ಭೋಜ ಆಸ್ಪತ್ರೆಗೆ ಹೋದರೆ ಅವಳದೊಂದೇ ಮಾತು: "ಪುಸ್ತಕಕ್ಕೆ ಬಿಸ್ಲ್ ತೋರ್ಸಿದ್ಯಾ ಮಗಾ?"

"ಹ್ಞೂಂ ಅಬ್ಬಿ. ದಿನಾ ತೋರ್ಸ್ತೆ."

* * *

ಒಳಗೆ ಹೋದ ಭೋಜ ಬರಿಗೈಯಲ್ಲಿ ಬಂದ.

"ಇಲ್ಲೆ ಚಿಕ್ಕಿ. ಗುಜರಿಗೆ ಕೊಟ್ಟೆ. ವಾಸ್ನಿ ಬತ್ತಿತ್ತ್."

"ವಾಸ್ನಿಯಾ? ನೀ ಉಂಡ ಅನ್ನಕ್ಕೂ ಅದೇ ವಾಸ್ನಿ ಇತ್ತಲ್ಲ ಮಾರಾಯ!"

ಅಂಗಳದಲ್ಲಿ ಯಾರೂ ಅವನ ಮುಖ ನೋಡಲಿಲ್ಲ. ಅಷ್ಟರಲ್ಲಿ ನೆರೆಮನೆಯ ಕಿಟ್ಟ, ದಾರಿಯಲ್ಲಿ ಎರಚಲು ಅಂಗಡಿಯಿಂದ ಹೊದ್ಲು, ಅಂದರೆ ಭತ್ತದ ಅರಳು, ಕಟ್ಟಿಸಿ ತಂದ. ಭೋಜ ಪೊಟ್ಟಣ ಬಿಚ್ಚಿ ಮೊರಕ್ಕೆ ಸುರಿದ. ಕಾಗದ ಎಸೆಯಲು ಹೋದವನು ಮೂಗಿನ ಹತ್ತಿರ ಹಿಡಿದು ಹಾಗೆಯೇ ನಿಂತ. ಅದರಲ್ಲಿ ನವಿಲಿನ ಚಿತ್ರ. ಗರಿಯ ಮೇಲೆ ಒಣಗಿ ಅಂಟಿದ ಮೀನಿನ ಹುರುಪೆ.

ತೊಡೆಯ ಮೇಲಿಟ್ಟು ಸುಕ್ಕು ಬಿಡಿಸಿದ. ಅಬ್ಬಿಯ ಎದೆಯ ಮೇಲೆ ಹಾಸಿದ. ಕಡಲಗಾಳಿಗೆ ಹಾರಲು ನೋಡಿತು. ಅಂಗೈಯಿಂದ ಒತ್ತಿ ಹಿಡಿದ.

"ಚಟ್ಟ ಒಂಚೂರ್ ಚಪ್ಪರದಿಂದ ಹೊರ್ಗೆ ತನ್ನಿ," ಎಂದ, ತಲೆ ಎತ್ತದೆ. "ಬಿಸ್ಲಿಗೆ."

ತಂದೆವು. ಹಗ್ಗ ಬಿಗಿಯಲು ನಾನು ಅವನ ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ಹುರುಪೆ ಬಿಸಿಲಿಗೆ ಮಿಂಚುತ್ತಿತ್ತು.

ಇದನ್ನು ನಾಲ್ಕು ಜನರಿಗೆ ಕಳಿಸಿ. ಭೋಜನಿಗೆ ಮಾತ್ರ ಬೇಡ.